ಗಾಳಿಯ ಪಂಚಾಂಗ ನೋಡಿ ಮೊಂಬಾಸಾಕ್ಕೆ ಹೊರಡಿ

ದಾವಣಗೆರೆ ಹರಿಹರಗಳ ಅನುಕೂಲಸ್ಥ ಮನೆತನಗಳಲ್ಲಿ ಬೇಸಗೆಯ ರಜೆಗೆ ಕಡಲ ತೀರಕ್ಕೆ ಹೋಗಿಬರುವುದೆಂದರೆ ಒಂದು ತಲೆಮಾರಿನ ಹಿಂದಿನವರೆಗೂ ಗೋಕರ್ಣ, ಮುರುಡೇಶ್ವರ, ಉಡುಪಿ, ಧರ್ಮಸ್ಥಳಗಳ ಯಾತ್ರೆಯೆಂದೇ ಅರ್ಥವಾಗಿತ್ತು. ದೇವದರ್ಶನವು ಪ್ರಧಾನವಾಗಿ, ಸಮುದ್ರದರ್ಶನವು ಅದರೊಡನೆ ಆನುಷಂಗಿಕವಾಗಿ ಲಭಿಸುವ ಫಲವಾಗಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ಅಲೆಗೆ ಕೈಮುಗಿದು ಹಿಂದಿರುಗಿದವರೇ ನಮ್ಮ ಹಿರಿಯರಲ್ಲಿ ಹೆಚ್ಚು. ಆ ಕಾಲ ಬದಲಾಗಿದೆ. ಮಂಡಿಪೇಟೆಯ ವರ್ತಕರೂ ವೈದ್ಯರೂ ಎಂಜಿನಿಯರುಗಳೂ ಮಕ್ಕಳುಮರಿಗಳನ್ನು ಕರೆದುಕೊಂಡು ಅದೇ ಸಮುದ್ರದ ಆಚೆಯ ದಡಕ್ಕೆ, ಮೊಂಬಾಸಾ, ಡಯಾನಿ, ಜಾಂಜಿಬಾರ್ ಮುಂತಾದ ಪೂರ್ವ ಆಫ್ರಿಕದ ತೀರಗಳಿಗೆ, ಹೋಗಿಬರುವ ಮಾತನ್ನು ಆಡತೊಡಗಿದ್ದಾರೆ. ಒಳನಾಡಿನ ಜನ ದೂರದ ಜಗತ್ತನ್ನು ಕಾಣಬಯಸುವುದು ಸಂತೋಷದ ಸಂಗತಿಯೇ ಹೊರತು ಆಕ್ಷೇಪಿಸತಕ್ಕ ಸಂಗತಿಯಲ್ಲ.

ಆದರೆ ಈ ಪ್ರವಾಸಗಳನ್ನು ನಾವು ಯೋಜಿಸುತ್ತಿರುವ ಕ್ರಮ ಮಾತ್ರ ಸರಿಯಾದುದಲ್ಲವೆಂದು ನಾನು ಭಾವಿಸುತ್ತೇನೆ. ಮೊದಲು ಮಕ್ಕಳ ರಜೆ, ಆಮೇಲೆ ಪ್ಯಾಕೇಜಿನ ದರ, ಅದಾದ ಮೇಲೆ ಹೋಟೆಲಿನ ಈಜುಕೊಳದ ಚಿತ್ರ. ಆ ತೀರದ ಋತುವೆಂತಹುದು, ಅಲ್ಲಿನ ಊರೆಂತಹುದು, ಅಲ್ಲಿ ಬಾಳುವ ಜನ ಯಾರು ಎಂಬ ಪ್ರಶ್ನೆಗಳು ಕೊನೆಗೆ ಬರುತ್ತವೆ, ಇಲ್ಲವೆ ಬಾರದೆಯೇ ಹೋಗುತ್ತವೆ. ಕಡಲಿಗೆ ಹೋಗುವವನು ಮೊದಲು ಗಾಳಿಯನ್ನೂ ಅನಂತರ ನೀರನ್ನೂ ಅದರ ಮೇಲೆ ಊರನ್ನೂ ವಿಚಾರಿಸಿಕೊಂಡು, ಎಲ್ಲಕ್ಕೂ ಕೊನೆಯಲ್ಲಿ ಹೋಟೆಲಿನ ಮಾತಿಗೆ ಬರತಕ್ಕದ್ದು.

ನಮ್ಮ ಶಾಲೆಗಳಿಗೆ ದೀರ್ಘವಾದ ರಜೆ ದೊರೆಯುವುದು ಏಪ್ರಿಲ್ ತಿಂಗಳ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ. ದಾವಣಗೆರೆಯ ನೆಲ ಕಾದ ಹಂಚಿನಂತಾಗಿ, ಮನೆಯೊಳಗೂ ಹೊರಗೂ ನಿಲ್ಲಲಾರದ ಆ ದಿನಗಳಲ್ಲಿ ನೀಲಿಯ ಕಡಲನ್ನೂ ಬಿಳಿಯ ಮರಳನ್ನೂ ನೆನೆಯುವುದು ಸಹಜವೇ. ಆದರೆ ನಮಗೆ ಕಡುಬೇಸಗೆಯಾದ ಈ ಎರಡು ತಿಂಗಳುಗಳೇ ಕೀನ್ಯಾ ಮತ್ತು ಟಾಂಜಾನಿಯಾದ ಕರಾವಳಿಗೆ ದೊಡ್ಡ ಮಳೆಯ ಕಾಲ. ಮಾರ್ಚ್ ಕೊನೆಗೆ ಮೊದಲಾಗಿ ಮೇ ತಿಂಗಳನ್ನೆಲ್ಲ ವ್ಯಾಪಿಸುವ ಈ ಮಳೆಯನ್ನು ಅಲ್ಲಿಯ ಜನ ಮಸಿಕಾ ಎಂದು ಕರೆಯುತ್ತಾರೆ. ಮೊಂಬಾಸಾದಲ್ಲಿ ವರ್ಷದ ಅತ್ಯಧಿಕ ಮಳೆ ಬೀಳುವ ತಿಂಗಳು ಮೇ. ಆಗ ನದಿಗಳು ಕೆಮ್ಮಣ್ಣನ್ನು ಹೊತ್ತು ಕಡಲಿಗೆ ಸುರಿಯುತ್ತವೆ, ನೀರು ಕದಡುತ್ತದೆ, ಆಕಾಶವು ಮುಚ್ಚಿರುತ್ತದೆ, ತೀರದ ಹೋಟೆಲುಗಳಲ್ಲಿ ಕೆಲವು ಬಾಗಿಲನ್ನೇ ಹಾಕಿಕೊಂಡರೆ ಉಳಿದವು ದರವನ್ನು ಇಳಿಸುತ್ತವೆ. ಆ ಇಳಿಸಿದ ದರವೇ ನಮ್ಮವರ ಕಣ್ಣಿಗೆ ಅಗ್ಗದ ಪ್ಯಾಕೇಜಾಗಿ ತೋರುವುದು. ವರ್ಷವೆಲ್ಲ ದುಡಿದು ಕೂಡಿಸಿದ ಹಣವನ್ನು ವೆಚ್ಚಮಾಡಿ, ಸಮುದ್ರ ದಾಟಿ ಹೋಗಿ, ಕೊಠಡಿಯ ಕಿಟಕಿಯಿಂದ ಮಳೆಯನ್ನು ನೋಡುತ್ತ ಕುಳಿತುಕೊಳ್ಳುವುದು ಮಕ್ಕಳಿಗೂ ಹಿರಿಯರಿಗೂ ಒಪ್ಪುವ ವಿಶ್ರಾಂತಿಯಲ್ಲ.

ಈ ಋತುಚಕ್ರದ ಕಾರಣವನ್ನು ತಿಳಿದುಕೊಳ್ಳಬೇಕಾದ ವಿಶೇಷ ಹೊಣೆ ದಾವಣಗೆರೆಯವರಿಗಿದೆ. ಪೂರ್ವ ಆಫ್ರಿಕದ ತೀರದಲ್ಲಿ ವರ್ಷಕ್ಕೆ ಎರಡು ಗಾಳಿಗಳು: ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದಿಂದ ಬೀಸುವ ಕಸ್ಕಾಜಿ, ಏಪ್ರಿಲ್ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಆಗ್ನೇಯದಿಂದ ಬೀಸುವ ಕುಸಿ. ಈ ಕುಸಿ ಗಾಳಿಯು ಕೀನ್ಯಾದ ತೀರದ ಬಳಿ ಭೂಮಧ್ಯರೇಖೆಯನ್ನು ದಾಟಿ, ಸೋಮಾಲಿಯಾದ ಅಂಚಿನಲ್ಲಿ ಬಲಕ್ಕೆ ತಿರುಗಿ, ಅರಬ್ಬೀ ಸಮುದ್ರದ ತೇವವನ್ನೆಲ್ಲ ಹೀರಿಕೊಂಡು ಪಶ್ಚಿಮ ಘಟ್ಟಗಳಿಗೆ ಬಂದು ತಾಕುತ್ತದೆ. ಅದನ್ನೇ ನಾವು ನೈಋತ್ಯ ಮಾರುತವೆನ್ನುವುದು. ಭೂಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತಿವೇಗವಾಗಿ ಹರಿಯುವ ಈ ವಾಯುಪ್ರವಾಹದ ಸ್ವರೂಪವನ್ನು ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿಯು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಶದಪಡಿಸಿದನು. ಲಕ್ಕವಳ್ಳಿಯ ಭದ್ರಾ ಜಲಾಶಯವು ತುಂಬುವುದು, ನಾಲೆಯ ನೀರು ದಾವಣಗೆರೆಯ ಭತ್ತದ ಗದ್ದೆಗಳಿಗೆ ಬರುವುದು, ಕೂಡಲಿಯಲ್ಲಿ ಸೇರಿದ ತುಂಗೆ ಭದ್ರೆಯರು ಹರಿಹರದ ಸೇತುವೆಯ ಕೆಳಗೆ ಕೆಂಪಾಗಿ ಹರಿಯುವುದು, ಎಲ್ಲವೂ ಆಫ್ರಿಕದ ಆ ದಡವನ್ನು ಸವರಿಕೊಂಡು ಬಂದ ಗಾಳಿಯ ದಾನ. ನಮ್ಮ ಅನ್ನದ ಮೂಲವೇ ಆದ ಗಾಳಿಯನ್ನು ವಿಚಾರಿಸದೆ ಅದರ ತವರಿಗೆ ಅತಿಥಿಗಳಾಗಿ ಹೋಗುವುದು ಉಚಿತವಲ್ಲ.

ಗಾಳಿಯನ್ನು ಲೆಕ್ಕಿಸದವನಿಗೆ ಒದಗುವ ಗತಿ ಏನೆಂಬುದಕ್ಕೆ ಇತಿಹಾಸದಲ್ಲಿ ಒಂದು ಘೋರವಾದ ದೃಷ್ಟಾಂತವುಂಟು. ವಾಸ್ಕೋ ಡ ಗಾಮನು 1498ರ ಏಪ್ರಿಲ್ ಕೊನೆಗೆ ಮೊಂಬಾಸಾದ ಉತ್ತರಕ್ಕಿರುವ ಮಲಿಂದಿಯಿಂದ, ಆ ಕಡಲನ್ನು ಬಲ್ಲ ನಾವಿಕನೊಬ್ಬನನ್ನು ಜೊತೆಗಿರಿಸಿಕೊಂಡು, ಹಿಂದಿನಿಂದ ಬೀಸುವ ಗಾಳಿಯ ನೆರವಿನಿಂದ ಒಂದು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಕಲ್ಲಿಕೋಟೆಯ ತೀರವನ್ನು ಮುಟ್ಟಿದನು. ಮರಳುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿಪಡಿಸಿಕೊಂಡ ಆತನು, ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ ಮೊದಲ ವಾರದಲ್ಲಿ ಹೊರಟುಬಿಟ್ಟನು. ಅದೇ ಸಮುದ್ರವನ್ನು ದಾಟುವುದಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು; ವಸಡು ಕೊಳೆಯುವ ಸ್ಕರ್ವಿ ರೋಗದಿಂದ ನಾವಿಕರು ಸಾಲುಸಾಲಾಗಿ ಸತ್ತು, ಹಡಗುಗಳನ್ನು ನಡೆಸಲು ಆಳುಗಳೇ ಸಾಲದಂತಾಯಿತು. ಅಂದು ಗುಜರಾತಿನ, ಕರಾವಳಿಯ, ಅರಬ್ಬರ ವರ್ತಕರೆಲ್ಲ ಒಂದು ಗಾಳಿಗೆ ಹೋಗಿ ಇನ್ನೊಂದು ಗಾಳಿಗೆ ಹಿಂದಿರುಗುವ ಸಂಯಮವನ್ನು ಅನೇಕ ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದರು. ಇಂದು ವಿಮಾನವು ಗಾಳಿಯನ್ನು ಗೆದ್ದಿದೆಯಾದರೂ ತೀರದ ಮಳೆಯನ್ನೂ ಅಲೆಯನ್ನೂ ಗೆದ್ದಿಲ್ಲ.

ಹಾಗಾದರೆ ಹೊರಡುವುದು ಯಾವಾಗ? ಶಾಲೆಯ ಮಕ್ಕಳಿರುವ ಮನೆಯವರಿಗೆ ದಸರೆಯ ರಜೆಯೇ ಪ್ರಶಸ್ತ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಪಕ್ಷದಲ್ಲಿ ಕುಸಿಯ ರಭಸ ತಗ್ಗಿ, ಅದು ತೀರಕ್ಕೆ ತಂದು ಹಾಕುವ ಕಡಲಪಾಚಿಯೂ ಕಡಿಮೆಯಾಗಿ, ನೀರು ತಿಳಿಯಾಗತೊಡಗುತ್ತದೆ. ನವೆಂಬರಿನಲ್ಲಿ ಬಲಗೊಳ್ಳುವ ಸಣ್ಣ ಮಳೆಗೆ ಇನ್ನೂ ಸಮಯವಿರುತ್ತದೆ. ಆದರೆ ದಾವಣಗೆರೆಯಲ್ಲಿ ದಸರೆಯ ಹಿಂದೆಯೇ ಮೆಕ್ಕೆಜೋಳದ ಆವಕ ಮೊದಲಾಗುವುದರಿಂದ ಮಂಡಿ ನಡೆಸುವವರು ಗದ್ದಿಗೆ ಬಿಟ್ಟು ಏಳಲಾರರು. ಅಂಥವರು ಸಂಕ್ರಾಂತಿಯಾದ ಮೇಲೆ, ಜನವರಿ ಕೊನೆಯಿಂದ ಫೆಬ್ರವರಿಯವರೆಗೆ, ಕಸ್ಕಾಜಿ ಬೀಸುವ ನಿರ್ಮಲವಾದ ದಿನಗಳನ್ನು ಆರಿಸಿಕೊಳ್ಳಬಹುದು. ಬಿಸಿಲು ಆಗ ಹೆಚ್ಚು, ಆದರೆ ದಾವಣಗೆರೆಯವರಿಗೆ ಅದು ಹೊಸತಲ್ಲ. ಮಗಳೋ ಮಗನೋ ಹತ್ತನೆಯ ತರಗತಿಯಲ್ಲಿದ್ದರೆ ಆ ವರ್ಷ ಹೊರಡದಿರುವುದೇ ಲೇಸು. ಬೇಸಗೆ ರಜೆಗೇ ಕಡಲು ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ನಮ್ಮದೇ ಕರಾವಳಿಯುಂಟು: ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಇವೆರಡಕ್ಕೂ 2020ರಲ್ಲಿ ಸ್ವಚ್ಛ ತೀರಗಳಿಗೆ ಸಲ್ಲುವ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆ ದೊರಕಿತು.

ಗಾಳಿಯ ಅನಂತರದ ವಿಚಾರ ನೀರಿನದು. ಮೊಂಬಾಸಾದ ತೀರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರವು ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಿನ ದಿನಗಳಲ್ಲಿ 3 ಮೀಟರಿಗೂ ಮಿಕ್ಕು ಇರುತ್ತದೆ. ನಮ್ಮ ಕರಾವಳಿಯಲ್ಲಿ ಅದು ಬಹಳ ಕಡಿಮೆ. ಆದುದರಿಂದ ಬೆಳಗ್ಗೆ ಮೆಟ್ಟಿಲವರೆಗೆ ಬಂದಿದ್ದ ಸಮುದ್ರವು ಮಧ್ಯಾಹ್ನದ ಹೊತ್ತಿಗೆ ಹವಳದ ದಿಬ್ಬದ ಆಚೆಗೆ ಸರಿದುಹೋಗಿ, ನಡುವೆ ಪಾಚಿ ಕಲ್ಲುಗಳೂ ಮುಳ್ಳಿನ ಕಡಲಜೀವಿಗಳೂ ತುಂಬಿದ ಬಯಲು ಮಾತ್ರ ಉಳಿಯುವುದುಂಟು. ಜಾಂಜಿಬಾರಿನ ಪೂರ್ವತೀರದ ಪಾಜೆ, ಜಂಬಿಯಾನಿ ಎಂಬ ಹಳ್ಳಿಗಳಲ್ಲಿ ಈ ಇಳಿತದ ಬಯಲಿನಲ್ಲೇ ಹೆಂಗಸರು ಗೂಟ ನೆಟ್ಟು, ಹಗ್ಗ ಕಟ್ಟಿ, ಕಡಲಪಾಚಿಯ ಬೇಸಾಯ ಮಾಡುತ್ತಾರೆ. ಅವರ ಸಾಲುಗಳನ್ನು ತುಳಿದುಕೊಂಡು ನಡೆಯುವುದು ನಮ್ಮ ಗದ್ದೆಯ ಪೈರನ್ನು ತುಳಿದಂತೆಯೇ ಸರಿ. ನಮ್ಮ ಮನೆಮನೆಗಳಲ್ಲಿ ತೂಗುವ ಪಂಚಾಂಗವು ಇಲ್ಲಿ ಪ್ರತ್ಯಕ್ಷವಾಗಿ ಉಪಯೋಗಕ್ಕೆ ಬರುತ್ತದೆ. ಅಷ್ಟಮಿಯ ಆಸುಪಾಸಿನ ದಿನಗಳಲ್ಲಿ ಏರಿಳಿತವು ಮಿತವಾಗಿರುವುದರಿಂದ ಈಜು ಬಾರದ ಮಕ್ಕಳೊಡನೆ ಹೋಗುವವರು ಆ ತಿಥಿಗಳನ್ನೂ, ಬರಿಯ ಕಾಲಿನಲ್ಲಲ್ಲದೆ ರಬ್ಬರಿನ ಪಾದರಕ್ಷೆ ತೊಟ್ಟು ಹವಳದ ಬಯಲಲ್ಲಿ ಅಡ್ಡಾಡಬಯಸುವವರು ಹುಣ್ಣಿಮೆ ಅಮಾವಾಸ್ಯೆಗಳನ್ನೂ ಆರಿಸಿಕೊಳ್ಳಲಿ. ಉಬ್ಬರದ ಸಮಯವು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದನ್ನು ಮರೆಯಬಾರದು. ತುಂಗಭದ್ರೆಯಲ್ಲಿ ಈಜು ಕಲಿತ ಹರಿಹರದ ತರುಣರಿಗೆ ನದಿಯ ಸೆಳೆತ ಗೊತ್ತು. ಕಡಲಿನ ಸೆಳೆತವು ಬೇರೆ ಜಾತಿಯದೆಂಬುದನ್ನು ಅವರು ಸ್ಥಳದ ಮೀನುಗಾರರನ್ನು ಕೇಳಿಯೇ ನೀರಿಗಿಳಿಯಬೇಕು.

ಇನ್ನು ಊರಿನ ಮಾತು. ಏಳು ದಿನಗಳಲ್ಲಿ ನಾಲ್ಕು ತೀರಗಳನ್ನೂ ಎರಡು ಅಭಯಾರಣ್ಯಗಳನ್ನೂ ತೋರಿಸಿ ಮುಗಿಸುವ ಯೋಜನೆಗಳ ಬಗ್ಗೆ ನನಗೆ ಗೌರವವಿಲ್ಲ. ಒಂದೇ ಊರನ್ನು ಆರಿಸಿಕೊಂಡು ಅಲ್ಲಿ ನೆಲೆನಿಲ್ಲುವುದು ಮೇಲು; ಆರಿಸುವ ಅಧಿಕಾರ ನನ್ನದಾದರೆ ನಾನು ಮೊಂಬಾಸಾ ಎನ್ನುವೆನು. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನವಿದೆ. ಅಲ್ಲಿಂದ ಮೊಂಬಾಸಾಕ್ಕೆ ಮತ್ತೆ ವಿಮಾನ ಹತ್ತದೆ, 2017ರಲ್ಲಿ ಆರಂಭವಾದ ಹೊಸ ರೈಲಿನಲ್ಲಿ ಹಗಲಿನ ಹೊತ್ತು ಪಯಣಿಸಿದರೆ ಐದಾರು ಗಂಟೆಗಳಲ್ಲಿ ತ್ಸಾವೋ ಅರಣ್ಯದ ನಡುವೆ, ಕಿಟಕಿಯಾಚೆ ಆನೆಗಳನ್ನು ಕಾಣುವ ಸಂಭವದೊಡನೆ, ಕಡಲ ಮಟ್ಟಕ್ಕೆ ಇಳಿಯಬಹುದು. ಇದರ ಪಕ್ಕದಲ್ಲೇ ಹಳೆಯ ಹಾದಿಯೊಂದಿದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಆ ಹಾದಿಯನ್ನು ಹಾಕಿದವರು ನಮ್ಮ ದೇಶದಿಂದ, ಬಹುಪಾಲು ಪಂಜಾಬಿನಿಂದ, ಕರಾರಿನ ಮೇಲೆ ಹೋದ ಸುಮಾರು 32,000 ಕೂಲಿಕಾರರು; ರೋಗದಿಂದಲೂ ಅಪಘಾತಗಳಿಂದಲೂ ಸಿಂಹಗಳ ಬಾಯಿಗೆ ಸಿಕ್ಕಿಯೂ ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಮಡಿದರು. ಹರಿಹರದ ಮೂಲಕ ಹಾದುಹೋಗುತ್ತಿದ್ದ ನಮ್ಮ ಹಳೆಯ ರೈಲುಮಾರ್ಗದಂತೆ ಅದೂ ಮೀಟರ್‌ಗೇಜ್ ಹಳಿಯೇ. ಹೊಸ ರೈಲಿನ ತಂಪು ಡಬ್ಬಿಯಲ್ಲಿ ಕುಳಿತ ಭಾರತೀಯನು ಆ ಹಳಿಯನ್ನು ಕಂಡಾಗ ಒಂದು ಕ್ಷಣ ಅವರನ್ನು ಸ್ಮರಿಸುವುದು ಧರ್ಮ.

ಮೊಂಬಾಸಾ ಒಂದು ದ್ವೀಪ. ಅದರ ಪೂರ್ವದ ಅಂಚಿನಲ್ಲಿ, ಕೆತ್ತನೆಯ ಬಾಗಿಲುಗಳ ಹಳೆಯ ಪಟ್ಟಣಕ್ಕೆ ಒತ್ತಿಕೊಂಡು, 1593ರಲ್ಲಿ ಪೋರ್ಚುಗೀಸರು ಕಟ್ಟಲಾರಂಭಿಸಿದ ಜೀಸಸ್ ಕೋಟೆ ಹವಳಗಲ್ಲಿನ ಮೇಲೆ ನಿಂತಿದೆ. 2011ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗೋವೆಯನ್ನು ರಾಜಧಾನಿಯಾಗಿಸಿಕೊಂಡು ಆಳುತ್ತಿದ್ದ ಆ ಒಂದೇ ಪ್ರಭುತ್ವವು ನಮ್ಮ ಹೊನ್ನಾವರ ಬಸ್ರೂರುಗಳಲ್ಲೂ ಕೋಟೆ ಹೂಡಿತ್ತು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಇಲ್ಲಿಂದ ಹೊರಗಟ್ಟಿದ ಸುಮಾರು ಅರ್ಧ ಶತಮಾನದೊಳಗೆ, ಎರಡೂವರೆ ವರ್ಷಗಳಿಗೂ ಮಿಕ್ಕ ಮುತ್ತಿಗೆಯ ಬಳಿಕ, 1698ರಲ್ಲಿ ಒಮಾನಿನ ಅರಬ್ಬರು ಮೊಂಬಾಸಾದ ಕೋಟೆಯನ್ನು ಅವರಿಂದ ಕಿತ್ತುಕೊಂಡರು. ಕೆಳದಿಯ ಚರಿತ್ರೆಯನ್ನು ಶಾಲೆಯಲ್ಲಿ ಓದಿದ ಹುಡುಗನಿಗೆ ಈ ಕೋಟೆ ಪರಕೀಯವೆನಿಸಲಾರದು. ಇನ್ನೂ ಹಿಂದಕ್ಕೆ ಹೋದರೆ, 1331ರ ಸುಮಾರಿಗೆ ಮೊಂಬಾಸಾವನ್ನು ಕಂಡು ಅಲ್ಲಿಯ ಜನರ ಧರ್ಮಬುದ್ಧಿಯನ್ನು ಮೆಚ್ಚಿದ ಇಬ್ನ್ ಬತೂತನೇ ಹತ್ತು ಹನ್ನೆರಡು ವರ್ಷಗಳ ಅನಂತರ ಹೊನ್ನಾವರಕ್ಕೂ ಬಂದು, ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದನು. ಒಬ್ಬನೇ ಪಯಣಿಗನ ಗ್ರಂಥದಲ್ಲಿ ಈ ಎರಡು ದಡಗಳೂ ನೆರೆಯ ಊರುಗಳಾಗಿವೆ.

ಹತ್ತಿ ಗಿರಣಿಗಳಿಂದ ಹೆಸರು ಪಡೆದ ದಾವಣಗೆರೆಯವರು ಮೊಂಬಾಸಾದ ಬಿಯಾಶಾರಾ ಬೀದಿಯಲ್ಲಿ ಅರ್ಧ ದಿನವಾದರೂ ಕಳೆಯದೆ ಬರಬಾರದು. ಕರಾವಳಿಯ ಹೆಂಗಸರು ಜೋಡಿಯಾಗಿ ಉಡುವ ಹೊದೆಯುವ ಕಾಂಗಾ ಎಂಬ ಹತ್ತಿಯ ಬಟ್ಟೆ ಅಲ್ಲಿ ಅಂಗಡಿ ಅಂಗಡಿಗಳಲ್ಲಿ ತೂಗುತ್ತದೆ. ಪ್ರತಿಯೊಂದರ ಅಂಚಿನಲ್ಲೂ ಸ್ವಾಹಿಲಿಯ ಒಂದು ನುಡಿಗಟ್ಟು ಅಚ್ಚಾಗಿರುತ್ತದೆ, ಮತ್ತು ಅವುಗಳಲ್ಲಿ ಎಷ್ಟೋ ಬಟ್ಟೆಗಳು ಭಾರತದಲ್ಲಿ ಮುದ್ರಣಗೊಂಡು ಹೋದವು. ಊಟದ ವಿಷಯದಲ್ಲಿ ಶಾಕಾಹಾರಿಗಳು ಭಯಪಡುವುದಕ್ಕೆ ಕಾರಣವೇ ಇಲ್ಲ. ಗುಜರಾತಿಗಳು ತಲೆಮಾರುಗಳಿಂದ ನೆಲೆಸಿರುವ ಊರು ಅದು. ಆದರೆ ಅವರ ಭೋಜನಶಾಲೆಗಳನ್ನಷ್ಟೇ ಹುಡುಕಿಕೊಂಡು ಹೋಗದೆ, ತೊಗರಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಉಂಬಾಜಿಯನ್ನೂ, ಮೆಕ್ಕೆಜೋಳದ ಹಿಟ್ಟಿನಿಂದ ಮುದ್ದೆಯಂತೆ ತೊಳಸಿದ ಉಗಾಲಿಯನ್ನೂ ಉಂಡುನೋಡಬೇಕು. ರಾಜ್ಯದಲ್ಲೇ ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆಯವರು ನಾವು. ನಮ್ಮ ಮೆಕ್ಕೆಜೋಳದ ಬಹುಭಾಗ ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆ, ಅಲ್ಲಿ ಅದು ಕೋಟ್ಯಂತರ ಜನರ ನಿತ್ಯದ ಅನ್ನ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಕಟ್ಟಿಕೊಂಡು ಹೋಗುವವರು ಅವನ್ನು ಪ್ಲಾಸ್ಟಿಕ್ ಕೈಚೀಲಗಳಲ್ಲಿ ತುಂಬದೆ ಬಟ್ಟೆಯ ಚೀಲದಲ್ಲಿಯೋ ಸ್ಟೀಲಿನ ಡಬ್ಬಿಯಲ್ಲಿಯೋ ಒಯ್ಯತಕ್ಕದ್ದು, ಏಕೆಂದರೆ 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳು ನಿಷಿದ್ಧ, ದಂಡವೂ ಕಠಿಣ.

ಹಳೆಯ ಪಟ್ಟಣದಲ್ಲಿ ಮಸೀದಿಗಳ ನಡುವೆ ನಡೆಯುವಾಗ ಮೈತುಂಬ ಬಟ್ಟೆಯುಡುವುದನ್ನೂ, ರಂಜಾನಿನ ಹಗಲಿನಲ್ಲಿ ಬೀದಿಯಲ್ಲಿ ತಿನ್ನದಿರುವುದನ್ನೂ ನಾನು ವಿವರಿಸಿ ಹೇಳಬೇಕಾಗಿಲ್ಲ. 1224ರ ಹರಿಹರೇಶ್ವರ ದೇವಾಲಯಕ್ಕೂ ಆರೋಗ್ಯಮಾತೆಯ ಚರ್ಚಿಗೂ ಒಂದೇ ಪೇಟೆಯಿಂದ ಜನ ಹೋಗಿಬರುವ ಊರಿನವರಿಗೆ ಆ ಮರ್ಯಾದೆ ತಿಳಿದದ್ದೇ.

ಇದಕ್ಕಿಂತ ಕಷ್ಟವಾದ, ಆದರೆ ಹೇಳದೆ ಬಿಡಲಾಗದ ಮಾತೊಂದಿದೆ. ಕಪ್ಪು ಮೈಬಣ್ಣದ ಮನುಷ್ಯನನ್ನು ಕಂಡಾಗ ನಮ್ಮ ಸಮಾಜದ ನಡೆ ಯಾವಾಗಲೂ ಮಾನವೋಚಿತವಾಗಿರುವುದಿಲ್ಲ. 2016ರ ಜನವರಿ ಕೊನೆಯ ದಿನ ಬೆಂಗಳೂರಿನ ಹೆಸರಘಟ್ಟದ ಬಳಿ, ಬೇರೊಬ್ಬ ಆಫ್ರಿಕನ್ನನ ಕಾರಿನಿಂದಾದ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಜನರ ಗುಂಪು ಹಲ್ಲೆ ಮಾಡಿತು. ಆ ಹುಡುಗಿಯ ದೇಶದ ತೀರಕ್ಕೆ ನಾವು ವಿಹಾರಕ್ಕೆ ಹೋಗುವವರು. ಅಲ್ಲಿ ನಮ್ಮ ಸಾಮಾನು ಹೊರುವವನನ್ನೂ, ದೋಣಿ ನಡೆಸುವವನನ್ನೂ, ಕೊಠಡಿ ಗುಡಿಸುವವಳನ್ನೂ ಏಕವಚನದ ಕೂಗಿನಿಂದ ಕರೆಯದೆ, ಅನುಮತಿ ಬೇಡದೆ ಅವರ ಮಕ್ಕಳ ಚಿತ್ರ ತೆಗೆಯದೆ, ಕೂಲಿಯಲ್ಲಿ ಕಾಸುಕಾಸಿಗೆ ಚೌಕಾಸಿ ಮಾಡದೆ ನಡೆದುಕೊಳ್ಳುವುದು ಪ್ರವಾಸದ ಸಿದ್ಧತೆಯಲ್ಲಿ ಪಾಸ್‌ಪೋರ್ಟಿನಷ್ಟೇ ಮುಖ್ಯ.

ಈ ಸಿದ್ಧತೆ ಯಲ್ಲಾಪುರದಲ್ಲೇ ಮೊದಲಾಗಲಿ ಎಂಬುದು ನನ್ನ ಆಶಯ. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡುಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಗಳ ಪೂರ್ವಜರು ಆಫ್ರಿಕದ ಆ ತೀರಗಳಿಂದಲೇ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಘಟ್ಟದ ಕಾಡುಗಳನ್ನು ಹೊಕ್ಕರು. ಕನ್ನಡ ಕೊಂಕಣಿಗಳನ್ನಾಡುವ ಈ ನಮ್ಮ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ. ಆಚೆಯ ದಡದಲ್ಲಿ ಈ ಚರಿತ್ರೆಗೆ ಇನ್ನೊಂದು ಕೊನೆಯುಂಟು. 1873ರಲ್ಲಿ ಜಾಂಜಿಬಾರಿನ ಗುಲಾಮರ ಸಂತೆಯನ್ನು ಮುಚ್ಚಿಸಿದ ಒಪ್ಪಂದದ ಅನಂತರ, ಬಿಡುಗಡೆಯಾದವರಿಗಾಗಿ ಮೊಂಬಾಸಾ ದ್ವೀಪದ ಎದುರು ದಡದಲ್ಲಿ ಫ್ರೇರ್ ಟೌನ್ ಎಂಬ ವಸತಿ ಏರ್ಪಟ್ಟಿತು. ಅದರಲ್ಲಿ ಮುಂದಾಳುಗಳಾಗಿ ನಿಂತವರಲ್ಲಿ ನಮ್ಮ ನಾಸಿಕದಲ್ಲಿ ಓದುಬರಹ ಕಸುಬುಗಳನ್ನು ಕಲಿತು ಮರಳಿದ ಆಫ್ರಿಕನ್ನರೂ ಇದ್ದರು. ಇದನ್ನೆಲ್ಲ ತಿಳಿದ ತಂದೆತಾಯಿಗಳೊಡನೆ ಹೋದ ಮಕ್ಕಳು ಆ ತೀರವನ್ನು ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ಉಳಿದುದು ವ್ಯವಹಾರದ ಮಾತು. ಕೀನ್ಯಾಕ್ಕೆ ಹೋಗುವವರು ಹೊರಡುವ ಮೊದಲೇ ಅಂತರಜಾಲದಲ್ಲಿ ಪ್ರವೇಶದ ಅನುಮತಿ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳತಕ್ಕದ್ದು. ಲಸಿಕೆಯಾದ ಹತ್ತು ದಿನಗಳ ಮೇಲಷ್ಟೇ ಅದರ ಪ್ರಮಾಣಪತ್ರ ಸಿಂಧುವಾಗುವುದರಿಂದ ಕೊನೆಯ ವಾರಕ್ಕೆ ಬಿಡಬಾರದು, ಅದಿಲ್ಲದೆ ಮರಳಿ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಲು ಕಾನೂನಿಗೆ ಅಧಿಕಾರವಿದೆ. ಮಲೇರಿಯಾದ ಮುನ್ನೆಚ್ಚರಿಕೆಯ ಮಾತ್ರೆಗಳನ್ನು ಮನೆಯ ವೈದ್ಯರನ್ನು ಕೇಳಿ ಸೇವಿಸಲಿ. ಈ ಏಪ್ರಿಲ್ ಮೇ ತಿಂಗಳುಗಳಿಗೆ ಮುಂಗಡ ಕೊಡಬೇಕೆಂದಿರುವ ದಾವಣಗೆರೆ ಹರಿಹರಗಳ ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ: ಹಣವನ್ನು ಕೈಯಲ್ಲಿಟ್ಟುಕೊಳ್ಳಿ, ರಜೆಯಲ್ಲಿ ಮಕ್ಕಳಿಗೆ ಯಲ್ಲಾಪುರವನ್ನೂ ಹೊನ್ನಾವರವನ್ನೂ ತೋರಿಸಿ, ಮೊಂಬಾಸಾಕ್ಕೆ ದಸರೆಯಲ್ಲಿ ಹೊರಡಿ.